ಖಾಯಂ ಸೀರೆಯ ಜೋಳಿಗೆ

ಹೋದ ತಿಂಗಳು ಮಳವಳ್ಳಿ ಹತ್ತಿರದ ಒಂದು ಅಂಗನವಾಡಿಗೆ ತರಬೇತಿ ಕೊಡಲು ಹೋಗಿದ್ದೆ. ಅಲ್ಲಿನ ಕಾರ್ಯಕರ್ತೆ ತೊಲೆಗೆ ತೂಕದ ತಕ್ಕಡಿ ನೇತುಹಾಕಿದರು. ಅದರ ಕೊಕ್ಕೆಗೆ ನೀಲಿ ರೆಕ್ಸಿನ್ ಚಡ್ಡಿ ಸಿಕ್ಕಿಸಿ, ಒಂದು ಗಂಡುಮಗುವನ್ನು ಅದರೊಳಗೆ ಇಳಿಬಿಟ್ಟರು. ಮಗು ಹೆಂಚು ಹಾರುವ ಹಾಗೆ ಕಿರುಚಿತು. ತೂಕ ಬರೆದುಕೊಂಡು ಮಗುವನ್ನು ತಾಯಿಯ ಕೈಗೆ ಕೊಟ್ಟ ಮೇಲೆ, ಬ್ಲೀಚಿಂಗ್ ಪುಡಿ ಕದಡಿದ ನೀರಿನಲ್ಲಿ ಬಟ್ಟೆ ಅದ್ದಿ ಆ ಚಡ್ಡಿಯನ್ನು ಒಳಗೂ ಹೊರಗೂ ಒರೆಸಿದರು. ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಒಂದು ಹೆಜ್ಜೆ ಹಿಂದೆ ಸರಿದೆ.

“ಇಷ್ಟ್ ಒರ್ಸುದ್ರೆ ಸಾಕಾ ಮೇಡಂ?” ಎಂದು ಆಕೆ ಕೇಳಿದರು.

“ಇನ್ನೊಂದು ಸಲ ಒರೆಸಿ,” ಎಂದೆ.

“ಎಷ್ಟ್ ಸತಿ ಒರ್ಸದು ಬುಡಿ ಮೇಡಂ, ಚಡ್ಡಿ ಸವ್ದೋಯ್ತದೆ!” ಎಂದು ಆಕೆ ನಕ್ಕರು. ಸುತ್ತ ಕುಳಿತಿದ್ದ ತಾಯಂದಿರೂ ನಕ್ಕರು. ನಾನು ನೀರು ಕುಡಿಯುವ ನೆಪ ಮಾಡಿ ಹೊರಗೆ ಬಂದು ಜಗಲಿಯ ಮೇಲೆ ಕುಳಿತೆ. ಇಷ್ಟು ವರ್ಷವಾದ ಮೇಲೂ ಹೀಗಾಗುತ್ತದಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಇದೆಲ್ಲ ಶುರುವಾದ ಚಳಿಗಾಲದಲ್ಲಿ ನನಗೆ ಇಪ್ಪತ್ತಾರು. ಎಂಎಸ್ಸಿ ಮುಗಿಸಿ, ಮಂಡ್ಯದಲ್ಲಿ ನಡೆಯುತ್ತಿದ್ದ ಒಂದು ಸಂಶೋಧನಾ ಯೋಜನೆಗೆ ಸೇರಿದ್ದೆ. ಮಂಡ್ಯ, ಮದ್ದೂರು, ಮಳವಳ್ಳಿ ಈ ಮೂರೂ ಕಡೆಯ ಪುಟ್ಟ ಮಕ್ಕಳಿಗೆ ವಾಂತಿ ಭೇದಿ ತರುವ ವೈರಸ್ಸುಗಳು ಯಾವುವು, ಅವು ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಎಂದು ಪತ್ತೆ ಮಾಡುವುದು ಆ ಯೋಜನೆಯ ಕೆಲಸ. ಅದರಲ್ಲಿ ನನ್ನ ಪಾಲಿಗೆ ಬಂದದ್ದು ಮನೆ ಮನೆ ತಿರುಗಿ ಮಕ್ಕಳ ಮಲ ಕೂಡಿಸುವುದು. ಕಾಯಿಲೆ ಬಿದ್ದ ಮಕ್ಕಳದ್ದು ಮಾತ್ರವಲ್ಲ, ಆರೋಗ್ಯವಾಗಿರುವ ಮಕ್ಕಳದ್ದೂ ಬೇಕು. ಗೊತ್ತುಮಾಡಿಕೊಂಡ ಮನೆಗಳಿಗೆ ವಾರಕ್ಕೊಮ್ಮೆ ಹೋಗಿ, ಮಗುವನ್ನು ತೂಗಿ, ತಿರುಪು ಮುಚ್ಚಳದ ಡಬ್ಬಿಯಲ್ಲಿ ಮಾದರಿ ತೆಗೆದುಕೊಂಡು, ಐಸ್ ಇಟ್ಟ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ತರಬೇಕು. ಬಸ್ಸಿನಲ್ಲಿ ಜನ “ಏನ್ ಮೀನಾ?” ಎಂದು ಕೇಳುತ್ತಿದ್ದರು. ಹೌದು ಎಂದುಬಿಡುತ್ತಿದ್ದೆ. ನಿಜ ಹೇಳಿದ ದಿನ ಪಕ್ಕದ ಸೀಟು ಖಾಲಿಯಾಗುತ್ತಿತ್ತು.

“ಇದ್ಕೇ ಏನೇ ನಿನ್ನ ಓದುಸ್ದ್ನಾ ನಾನು?” ಎಂದು ಅವ್ವ ಮೊದಲ ವಾರವೆಲ್ಲ ಮುಖ ಗಂಟಿಕ್ಕಿಕೊಂಡಿದ್ದಳು. ಅವಳ ಸಿಟ್ಟಿಗೆ ಅರ್ಥವಿತ್ತು. ನಮ್ಮದು ಊರಾಚೆಯ ಕಾಲನಿಯ ಮನೆ. ತಾತನ ಕಾಲದಲ್ಲೇ ಬುದ್ಧನ ಪಟ ಗೋಡೆಗೆ ಬಂದಿದ್ದರೂ ಊರಿನ ಲೆಕ್ಕದಲ್ಲಿ ನಾವು ಕಾಲನಿಯವರೇ. ಅವ್ವ ವಿ.ಸಿ. ಫಾರಂ ಎಂಬ ಸರ್ಕಾರಿ ಕೃಷಿ ಕೇಂದ್ರದ ಗದ್ದೆಗಳಲ್ಲಿ ನಾಟಿ ಹಾಕುತ್ತಾ, ಕಳೆ ಕೀಳುತ್ತಾ ಕೂಲಿಯಾಗಿದ್ದವಳು ಕೊನೆಗೆ ಖಾಯಂ ಆದವಳು. ಐದು ಮಕ್ಕಳನ್ನು ಸಾಕಿ, ನನ್ನನ್ನು ಕಾಲೇಜಿಗೆ ಕಳಿಸಿದವಳು. ಮಗಳು ಬಿಳಿ ಕೋಟು ಹಾಕಿಕೊಂಡು ಕುರ್ಚಿಯ ಮೇಲೆ ಕೂರುತ್ತಾಳೆಂದು ಅವಳು ಅಂದುಕೊಂಡಿದ್ದರೆ, ಮಗಳು ಡಬ್ಬಿ ಹಿಡಿದು ಊರೂರು ಅಲೆಯುತ್ತಿದ್ದಳು.

ಮಾದರಿ ಸಿಗುವುದೇನೂ ಕಷ್ಟವಾಗಲಿಲ್ಲ. ಮಕ್ಕಳು ಉದಾರಿಗಳು. ಕಷ್ಟವಾದದ್ದು ತೂಕ. ಮಗುವನ್ನು ತೂಗಿದರೆ ದೃಷ್ಟಿ ತಾಕುತ್ತದೆ ಎಂದು ಅರ್ಧಕ್ಕರ್ಧ ಮನೆಗಳಲ್ಲಿ ಒಪ್ಪುತ್ತಿರಲಿಲ್ಲ. ಅಮಾವಾಸ್ಯೆಯ ದಿನವಂತೂ ತಕ್ಕಡಿಯನ್ನು ಹೊಸ್ತಿಲೊಳಗೆ ತರಲೂ ಬಿಡುತ್ತಿರಲಿಲ್ಲ. ಒಪ್ಪಿದ ಮನೆಗಳಲ್ಲಿ ಮಗುವೇ ಒಪ್ಪುತ್ತಿರಲಿಲ್ಲ. ಚಳಿಗಾಲದ ಬೆಳಗ್ಗೆ ತಣ್ಣನೆಯ ರೆಕ್ಸಿನ್ ತೊಡೆಗೆ ತಾಕಿದರೆ ಯಾವ ಮಗು ಸುಮ್ಮನಿದ್ದೀತು? ಕೈಕಾಲು ಬಡಿಯುವ ಮಗುವಿನ ಜೊತೆ ಮುಳ್ಳೂ ಕುಣಿಯುತ್ತಿತ್ತು. ನಾನು ಬರೆದುಕೊಂಡು ಬಂದ ತೂಕಗಳನ್ನು ನೋಡಿ, ಲ್ಯಾಬಿನ ಮುಖ್ಯಸ್ಥೆಯಾಗಿದ್ದ ಮೇಡಂ, “ಈ ಮಗು ಒಂದೇ ವಾರದಲ್ಲಿ ಇಷ್ಟು ಇಳಿಯಿತೇ, ಅಥವಾ ನೀವು ಕಣ್ಣುಮುಚ್ಚಿ ಬರೆದಿರೋ?” ಎಂದು ಕೇಳಿದ್ದರು.

ಒಂದು ಸಂಜೆ ಇದನ್ನೆಲ್ಲ ಅವ್ವನ ಹತ್ತಿರ ತೋಡಿಕೊಂಡೆ. ಅವಳು ಎದ್ದುಹೋಗಿ ಟ್ರಂಕಿನಿಂದ ಒಂದು ಸೀರೆ ತಂದಳು. ಪಾಚಿ ಹಸಿರು ಬಣ್ಣ, ಕೆಂಪು ಅಂಚು, ಒಗೆದೂ ಒಗೆದೂ ಬೆಣ್ಣೆಯಷ್ಟು ಮೆತ್ತಗಾಗಿದ್ದ ನೂಲಿನ ಸೀರೆ. ನಮ್ಮ ಮನೆಯಲ್ಲಿ ಅದರ ಹೆಸರು ‘ಖಾಯಂ ಸೀರೆ’.

ಆ ಸೀರೆಯ ಹಿಂದೆ ಒಂದು ಕಥೆಯಿದೆ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಅವ್ವನ ಜೊತೆ ಒಬ್ಬರ ಮನೆಗೆ ಹೋಗಿದ್ದೆ. ಆ ಮನೆಯಾಕೆ ಒಂದು ಹಳೆಯ ರವಿಕೆಯನ್ನು ಕೋಲಿನ ತುದಿಗೆ ಸಿಕ್ಕಿಸಿ ಅವ್ವನ ಕಡೆ ಚಾಚಿದರು. ಅವ್ವ ಕೈ ನೀಡಲಿಲ್ಲ. ನನ್ನ ರಟ್ಟೆ ಹಿಡಿದುಕೊಂಡು ತಿರುಗಿ ನಡೆದುಬಿಟ್ಟಳು. ಅಂದಿನಿಂದ ನಮ್ಮ ಮನೆಗೆ ಇನ್ನೊಬ್ಬರು ಉಟ್ಟ ಬಟ್ಟೆ ಬರಲಿಲ್ಲ. ಮರುವರ್ಷ ಕೆಲಸ ಖಾಯಂ ಆದಾಗ ಅವಳು ಮಂಡ್ಯದ ಪೇಟೆಯಲ್ಲಿ ತನಗೆಂದು ಕೊಂಡ ಮೊದಲ ಹೊಸ ಸೀರೆ ಇದು. ನನ್ನ ಕೊನೆಯ ಇಬ್ಬರು ತಮ್ಮಂದಿರು ಇದೇ ಸೀರೆಯ ಜೋಲಿಯಲ್ಲಿ ಬೆಳೆದರು.

“ಇದ್ರಲ್ಲಿ ಕುಂಡ್ರುಸ್ಕಂಡು ತೂಗು,” ಎಂದಳು ಅವ್ವ. “ತಾಯ್ ಮಡ್ಲು ಇದ್ದಂಗಿರ್ತದೆ. ಅಳಾದಿಲ್ಲ.” ನಾನು ಬೇಡ ಎನ್ನುವಷ್ಟರಲ್ಲಿ ಕತ್ತರಿ ಹಾಕಿ ಸೀರೆಯನ್ನು ಅರ್ಧ ಮಾಡಿಯೇ ಬಿಟ್ಟಳು.

ಅದೊಂದು ಪವಾಡವೇ ಆಯಿತು. ಸೀರೆಯನ್ನು ಎರಡು ಮಡಿಕೆ ಮಾಡಿ, ತುದಿಗಳನ್ನು ಗಂಟುಹಾಕಿ ಕೊಕ್ಕೆಗೆ ಸಿಕ್ಕಿಸಿದರೆ ಜೋಳಿಗೆ ತಯಾರು. ಮಕ್ಕಳು ಅದರಲ್ಲಿ ಕುಳಿತು ಅಂಚನ್ನು ಬಾಯಿಗಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದವು. ಒಂದೆರಡು ನಿದ್ದೆಗೂ ಜಾರಿದವು. ಬೇಡವೆನ್ನುತ್ತಿದ್ದ ಅಜ್ಜಿಯರು ಸೀರೆಯನ್ನು ಮುಟ್ಟಿ ನೋಡಿ, “ಬಾಳಿ ಬದ್ಕುದೋರ್ ಸೀರೆ ಕಣವ್ವ ಇದು, ತೂಗು ಪರ್ವಾಗಿಲ್ಲ” ಎಂದು ಒಪ್ಪತೊಡಗಿದರು. ಮಕ್ಕಳನ್ನು ಕಂಡ ಹಿರಿಯಳ ಹಳೆ ಸೀರೆ ಕೂಸಿಗೆ ಒಳ್ಳೆಯದು ಎಂಬುದು ನಮ್ಮ ಕಡೆ ಎಲ್ಲ ಮನೆಗಳ ಮಾತು. ಯಾರ ಸೀರೆ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. “ನೀವ್ ಯಾವ್ ಜನ?” ಎಂದು ಕೇಳಿದವರಿಗೆ “ಮಂಡ್ಯದವರು” ಎಂದು ಹೇಳಿ ಪೆಟ್ಟಿಗೆಯ ಕಡೆ ತಿರುಗಿಕೊಳ್ಳುವುದು ನನಗೆ ಚೆನ್ನಾಗಿ ಅಭ್ಯಾಸವಾಗಿತ್ತು.

ರೆಕ್ಸಿನ್ ಚಡ್ಡಿಯನ್ನು ಪ್ರತಿ ಮಗುವಿನ ನಂತರ ಬ್ಲೀಚಿಂಗ್ ನೀರಿನಿಂದ ಒರೆಸಬೇಕೆಂದು ನಿಯಮವಿತ್ತು. ಸೀರೆಗೆ ಆ ನೀರು ಹಾಕಿದರೆ ಬಣ್ಣ ಹೋಗಿ ಬಿಳಿ ಮಚ್ಚೆ ಬೀಳುತ್ತಿತ್ತು. ಅವ್ವನ ಖಾಯಂ ಸೀರೆಗೆ ಮಚ್ಚೆ ಬೀಳಿಸಲು ನನಗೆ ಮನಸ್ಸು ಬರಲಿಲ್ಲ. ಬಿಸಿಲಿಗೆ ಕೊಡವುತ್ತಿದ್ದೆ, ಒದ್ದೆಯಾದರೆ ಹಿಂಡುತ್ತಿದ್ದೆ, ಶನಿವಾರ ಸೋಪು ಹಾಕಿ ಒಗೆಯುತ್ತಿದ್ದೆ. ಎಂಎಸ್ಸಿ ಓದಿದವಳು! ವೈರಸ್ಸಿನ ಮೇಲೆ ಇಡೀ ಒಂದು ಪತ್ರಿಕೆ ಬರೆದು ಪಾಸಾದವಳು! ಪ್ರತಿ ಮನೆಯಲ್ಲೂ ತಾಯಂದಿರಿಗೆ “ಮಗುವನ್ನು ಮುಟ್ಟುವ ಮೊದಲು ಸೋಪಿನಲ್ಲಿ ಕೈ ತೊಳೆಯಿರಿ” ಎಂದು ಪಾಠ ಹೇಳುತ್ತಿದ್ದವಳು! ನೆನೆಸಿಕೊಂಡರೆ ಈಗಲೂ ಹಣೆ ಚಚ್ಚಿಕೊಳ್ಳಬೇಕೆನಿಸುತ್ತದೆ.

ಸಂಕ್ರಾಂತಿ ಕಳೆದ ಮೇಲಿನ ಒಂದು ಸೋಮವಾರ. ಕಬ್ಬಿನ ಲಾರಿಗಳು ದಾರಿ ತುಂಬ ಸಾಲುಗಟ್ಟಿದ್ದವು, ಆಲೆಮನೆಯ ಹೊಗೆ ನಾಲೆಯ ಮಂಜಿನ ಜೊತೆ ಸೇರಿಕೊಂಡಿತ್ತು. ಕೊತ್ತತ್ತಿ ಕಡೆಯ ದಾರಿಯಲ್ಲಿ ಒಂದು ಹಳ್ಳಿ. ಅಲ್ಲಿ ಗೌಡರ ಮನೆಯೊಂದರ ಎಂಟು ತಿಂಗಳ ಗಂಡುಮಗು ನಮ್ಮ ಪಟ್ಟಿಯಲ್ಲಿತ್ತು. ಹಟ್ಟಿಯಲ್ಲಿ ಒಂದು ಕರು ಸೊರಗಿ ನಿಂತಿತ್ತು. “ವಾರದಿಂದ ಒಂದೇ ಸಮ್ನೆ ಉಚ್ಕತಾ ಐತೆ,” ಎಂದು ಮನೆಯಾಕೆ ಕರುವಿನ ಭೇದಿಗೆ ಬೇಸರಪಟ್ಟರು. ಮಗು ಮಾತ್ರ ಗುಂಡುಗುಂಡಾಗಿ ನಗುತ್ತಿತ್ತು. ಜೋಳಿಗೆಯಲ್ಲಿ ಕೂರಿಸಿದ ಕೂಡಲೇ ನೀರಾಗಿ ಮಾಡಿಕೊಂಡಿತು. ನಾನು ಮಾದರಿ ತೆಗೆದುಕೊಳ್ಳುವಷ್ಟರಲ್ಲಿ ಆಕೆ ಸೀರೆಯನ್ನು ಕಸಿದುಕೊಂಡು, ದನಕ್ಕೆ ನೀರು ಕುಡಿಸುವ ಬಾನಿಯಲ್ಲಿ ಅದ್ದಿ ಜಾಲಾಡಿ, ಗಟ್ಟಿಯಾಗಿ ಹಿಂಡಿ ನನ್ನ ಕೈಗಿತ್ತರು. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟರು. ನಾನೂ ಒಳ್ಳೆಯ ಮನಸ್ಸಿನಿಂದಲೇ ಬೇಲಿಯ ಮೇಲೆ ಹರವಿ ಆರಿಸಿ, ಮಡಚಿ ಚೀಲಕ್ಕೆ ಹಾಕಿಕೊಂಡೆ.

ಮಂಗಳವಾರ ಮದ್ದೂರು. ಗಾರ್ಮೆಂಟ್ಸಿಗೆ ಹೋಗುವ ಹೆಂಗಸೊಬ್ಬರ ಮಗುವನ್ನೂ, ಅದೇ ಬೀದಿಯ ಇನ್ನೆರಡು ಮಕ್ಕಳನ್ನೂ ತೂಗಿದೆ. ಬುಧವಾರ ಮಳವಳ್ಳಿ ಕಡೆ. ಅಂದು ಅಮಾವಾಸ್ಯೆ. ಮೂರು ಮನೆಗಳವರು ತಕ್ಕಡಿ ಒಳಗೆ ಬೇಡವೆಂದು ಮಾದರಿಯನ್ನಷ್ಟೇ ಕೊಟ್ಟು ಕಳಿಸಿದರು. ದೇವಮ್ಮನವರ ಮನೆಯಲ್ಲಿ ಮಾತ್ರ ಆ ತಕರಾರು ಇರಲಿಲ್ಲ. ದೇವಮ್ಮ ಅರವತ್ತು ದಾಟಿದ ಯಜಮಾನಿ. ಆ ಕಡೆಯ ದೊಡ್ಡ ಒಕ್ಕಲು ಮನೆ ಅವರದ್ದು. ಅವರಿಗೆ ನನ್ನನ್ನು ಕಂಡರೆ ಯಾಕೋ ಬಹಳ ಪ್ರೀತಿ. ಜಯಾ ಎಂಬ ನನ್ನ ಹೆಸರನ್ನು ಜಯಮ್ಮ ಮಾಡಿಕೊಂಡಿದ್ದರು. ಅವರ ಸೊಸೆ ರೂಪ, ರೂಪಳ ಹತ್ತು ತಿಂಗಳ ಮಗಳು ಚಿನ್ನು.

“ಜಯಮ್ಮ ತಂದಿರ ಸೀರೇಲಿ ಕುಂತ್ರೆ ಅಮಾಸೆ ಏನ್ ಮಾಡ್ತದೆ ಬುಡು,” ಎಂದು ದೇವಮ್ಮ ತಾವೇ ಚಿನ್ನುವನ್ನು ಎತ್ತಿ ಜೋಳಿಗೆಗೆ ಹಾಕಿದರು. ಚಿನ್ನು ಕೆಂಪು ಅಂಚನ್ನು ಜಗಿಯುತ್ತಾ ಕುಳಿತಳು.

ಶುಕ್ರವಾರ ಮಧ್ಯಾಹ್ನ ರೂಪಳ ಫೋನು ಬಂತು. “ಮೇಡಂ, ಚಿನ್ನು ಕಣ್ಣೇ ಬುಡ್ತಿಲ್ಲ ಮೇಡಂ. ಬೆಳ್ಗಿಂದ ವಾಂತಿ, ನೀರ್ ನೀರೇ ಓಯ್ತಾ ಅವ್ಳೆ.” ಮಂಡ್ಯದ ಆಸ್ಪತ್ರೆಗೆ ಕರೆತರಲು ಹೇಳಿ ನಾನೂ ಓಡಿದೆ. ಕಾರಿನಿಂದ ಇಳಿಸಿದಾಗ ಮಗುವಿನ ಕಣ್ಣು ಗುಳಿಬಿದ್ದಿತ್ತು, ತುಟಿ ಒಡೆದಿತ್ತು. ಹೊಟ್ಟೆಯ ಚರ್ಮವನ್ನು ಡಾಕ್ಟರು ಎರಡು ಬೆರಳಿನಲ್ಲಿ ಎತ್ತಿ ಬಿಟ್ಟರೆ ಅದು ಹಾಗೇ ನಿಂತಿತು. ಡ್ರಿಪ್ ಹಾಕಲು ಕೈಯಲ್ಲಿ ನರ ಸಿಗಲಿಲ್ಲ, ಕಾಲಿನಲ್ಲಿ ಸಿಗಲಿಲ್ಲ, ಕೊನೆಗೆ ತಲೆಯಲ್ಲಿ ಸಿಕ್ಕಿತು. ದೇವಮ್ಮ ನನ್ನ ಕೈಯನ್ನು ಬಿಡಲೇ ಇಲ್ಲ. “ನಿಂಗೆಲ್ಲಾ ಗೊತ್ತವ್ವ ಇದು, ನೀನೇ ಉಳಿಸ್ಕೊಡು,” ಎಂದು ಅದನ್ನೇ ಹೇಳುತ್ತಿದ್ದರು. ಆ ಮಾತು ಈಗಲೂ ನನ್ನ ಕಿವಿಯಲ್ಲಿದೆ.

ಅದೇ ಎರಡು ಮೂರು ದಿನಗಳಲ್ಲಿ ಮದ್ದೂರಿನ ಮಗುವೂ ಆಸ್ಪತ್ರೆ ಸೇರಿತು. ಕೊತ್ತತ್ತಿ ಕಡೆಯ ಹುಡುಗನಿಗೂ ಭೇದಿ ಜೋರಾಗಿ, ತಾನೇ ನಿಂತಿತು. ಚಳಿಗಾಲವೆಂದರೆ ಹೀಗೇ ಎಂದುಕೊಂಡೆವು. ನಾನು ನನ್ನ ಪೆಟ್ಟಿಗೆ ತೆಗೆದುಕೊಂಡು ಎಲ್ಲರ ಮಾದರಿಗಳನ್ನೂ ಶ್ರದ್ಧೆಯಿಂದ ಕೂಡಿಸಿದೆ.

ಚಿನ್ನು ಉಳಿದಳು. ಮನೆಗೆ ಹೋದ ಮೇಲೆ ಎಷ್ಟು ಇಳಿದಿದ್ದಾಳೆಂದು ನೋಡಲು ಮತ್ತೆ ಹೋಗಿ ತೂಗಿದೆ. ಹಗುರವಾಗಿದ್ದಳು, ಆದರೆ ನಗುತ್ತಿದ್ದಳು. ತೂಕ ಬರೆದುಕೊಂಡು ಜೋಳಿಗೆ ಬಿಚ್ಚುತ್ತಿದ್ದಾಗ ದೇವಮ್ಮ ಅದರ ಮೇಲೆ ಕೈಯಿಟ್ಟರು.

“ಇದ್ನ ನಮ್ಗೆ ಕೊಟ್ಟೋಗವ್ವ. ನಮ್ ಕೂಸು ಉಳ್ದಿದ್ದು ಇದ್ರ ಗುಣದಿಂದ್ಲೇಯ. ಮಗ್ಳು ಬಾಣಂತನಕ್ಕೆ ಬತ್ತಾ ಅವ್ಳೆ, ಅವ್ಳ್ ಕೂಸ್ಗೆ ಜೋಲಿ ಕಟ್ಟಾಕೆ ಬೇಕು.”

“ಒಗೆದು ತಂದುಕೊಡ್ತೀನಿ,” ಎಂದೆ.

“ಒಗುದ್ರೆ ಗುಣ ಓಯ್ತದೆ. ಅಂಗೇ ಕೊಡು.”

ಕೊಟ್ಟೆ. ಮನೆಗೆ ಬಂದು ಹೇಳಿದಾಗ ಅವ್ವ ಮೊದಲು ನಂಬಲಿಲ್ಲ. “ಗೌಡ್ರು ಮನೇಲಾ? ನನ್ ಸೀರೆ ಜೋಲಿನಾ?” ಎಂದು ಎರಡು ಸಲ ಕೇಳಿದಳು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹುಡುಗಿಯ ಹಾಗೆ ನಕ್ಕಳು. ಮರುದಿನದಿಂದ ಕಾಲನಿಯಲ್ಲಿ ಈ ಸುದ್ದಿ ಗೊತ್ತಿಲ್ಲದವರು ಯಾರೂ ಉಳಿಯಲಿಲ್ಲ. ಅವಳು ಅಷ್ಟು ಖುಷಿಪಟ್ಟದ್ದನ್ನು ನಾನು ಎಂಎಸ್ಸಿ ಪಾಸಾದ ದಿನವೂ ನೋಡಿರಲಿಲ್ಲ.

ಯುಗಾದಿ ಹತ್ತಿರ ಬಂದಿತ್ತು. ಬೆಂಗಳೂರಿಗೆ ಕಳಿಸಿದ್ದ ಮಾದರಿಗಳ ಫಲಿತಾಂಶ ಬಂದಿದೆ ಎಂದು ಮೇಡಂ ನನ್ನನ್ನು ಕೋಣೆಗೆ ಕರೆದರು. ವೈರಸ್ಸಿನ ವಂಶವಾಹಿಯನ್ನು ಅಕ್ಷರ ಅಕ್ಷರವಾಗಿ ಓದಿ, ಒಂದನ್ನು ಇನ್ನೊಂದರ ಪಕ್ಕ ಇಟ್ಟು ನೋಡಿದರೆ ಯಾವುದು ಯಾವುದಕ್ಕೆ ನಂಟು ಎಂದು ತಿಳಿಯುತ್ತದೆ. ಅದನ್ನು ಕೊಂಬೆ ಕೊಂಬೆಯಾಗಿ ಬರೆದ ವಂಶವೃಕ್ಷ ಮೇಜಿನ ಮೇಲಿತ್ತು. ಆ ಚಳಿಗಾಲದ ಹೆಚ್ಚಿನ ಮಕ್ಕಳ ವೈರಸ್ಸು ಒಂದು ಕಡೆ ಗುಂಪಾಗಿತ್ತು. ಎಲ್ಲಕ್ಕೂ ದೂರದಲ್ಲಿ ಬೇರೆಯೇ ಒಂದು ಸಣ್ಣ ಕೊಂಬೆ. ಮೇಡಂ ಅದಕ್ಕೆ ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದರು.

“ಇದು ದನದ ಕಡೆಯದು. ಕರುಗಳಿಗೆ ಭೇದಿ ತರುವ ಬಗೆ. ಮನುಷ್ಯರಲ್ಲಿ ತೀರಾ ಅಪರೂಪ. ಮಕ್ಕಳಿಗೆ ಹಾಕುವ ಲಸಿಕೆಯ ಹನಿ ಇದನ್ನು ಎಷ್ಟು ತಡೆಯುತ್ತದೋ ಗೊತ್ತಿಲ್ಲ,” ಎಂದರು. “ಮೊದಲು ಕೊತ್ತತ್ತಿ ಕಡೆಯ ಆ ಹುಡುಗನಲ್ಲಿ. ಆಮೇಲೆ ಮದ್ದೂರಿನಲ್ಲಿ ಮೂರು ಮಕ್ಕಳಲ್ಲಿ. ಆಮೇಲೆ ಮಳವಳ್ಳಿ ಕಡೆ ಚಿನ್ನುವಿನಲ್ಲಿ. ಒಂದು ಅಕ್ಷರದ ವ್ಯತ್ಯಾಸವೂ ಇಲ್ಲದಷ್ಟು ಒಂದೇ. ಈ ಮನೆಗಳಿಗೆ ಒಂದಕ್ಕೊಂದು ನಂಟಿದೆಯೇ ಜಯಾ? ಮದುವೆ, ಹಬ್ಬ, ಹಾಲು, ಏನಾದರೂ?”

“ಏನೂ ಇಲ್ಲ ಮೇಡಂ. ಒಬ್ಬರಿಗೊಬ್ಬರು ಗೊತ್ತೇ ಇಲ್ಲ.”

“ಹಾಗಾದರೆ ಇದನ್ನು ನೋಡಿ,” ಎಂದು ನನ್ನದೇ ಭೇಟಿಯ ಪುಸ್ತಕವನ್ನು ತೆರೆದಿಟ್ಟರು. ಸೋಮವಾರ, ಮಂಗಳವಾರ, ಬುಧವಾರ. ನನ್ನದೇ ಅಕ್ಷರ. ನನ್ನ ಕಣ್ಣು ಬುಧವಾರದ ಸಾಲಿಗೆ ಹೋಗಿ ನಿಂತಿತು. ಆ ದಿನ ನಾಲ್ಕು ಮನೆಗೆ ಹೋಗಿದ್ದೆ. ಮೂರು ಹೆಸರಿನ ಮುಂದೆ ‘ಅಮಾವಾಸ್ಯೆ, ತೂಗಲಿಲ್ಲ’ ಎಂದು ಬರೆದಿದ್ದೆ. ಆ ಮೂರೂ ಮಕ್ಕಳು ಗಟ್ಟಿಮುಟ್ಟಾಗಿದ್ದವು. ನಾನು ಅವುಗಳನ್ನು ಮುಟ್ಟಿದ್ದೆ, ಅದೇ ಕೈಯಿಂದ ಡಬ್ಬಿ ತೆಗೆದುಕೊಂಡಿದ್ದೆ, ಅವುಗಳ ಕೆನ್ನೆಯನ್ನೂ ಹಿಂಡಿದ್ದೆ. ತೂಗಿದ ಮಗು ಒಂದೇ. ಚಿನ್ನು.

ಮೇಜಿನ ಅಂಚು ಹಿಡಿದುಕೊಂಡೆ. ತೂಗಿದರೆ ಕೂಸಿಗೆ ಕೇಡು ಎಂದು ಹೆದರಿದ ಹೆಂಗಸರ ಮಕ್ಕಳು ಉಳಿದಿದ್ದವು. ಅವರಿಗೆ ಬುದ್ಧಿ ಹೇಳಲು ಹೋದ ನಾನು ಬಾನಿಯಲ್ಲಿ ಅದ್ದಿದ ಸೀರೆಯನ್ನು ಮಡಚಿಕೊಂಡು, ಮನೆ ಮನೆಗೆ ಕಾಯಿಲೆ ಹಂಚಿಕೊಂಡು ಬಂದಿದ್ದೆ. ವೈರಸ್ಸು ಹೇಗೆ ಊರಿಂದ ಊರಿಗೆ ಹೋಗುತ್ತದೆಂದು ಹುಡುಕಲು ನನ್ನನ್ನು ಇಟ್ಟಿದ್ದರು. ಅದು ನನ್ನ ಚೀಲದಲ್ಲಿ ಕುಳಿತು, ನಾನು ಕೊಂಡ ಟಿಕೆಟ್ಟಿನಲ್ಲೇ ಬಸ್ಸು ಹತ್ತಿತ್ತು.

“ಸೀರೆ,” ಎಂದೆ.

ಮೇಡಂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. “ನೀವು ರೆಕ್ಸಿನ್ ಬಿಟ್ಟದ್ದು ನನಗೂ ಗೊತ್ತಿತ್ತು. ತೂಕ ಸರಿಯಾಗಿ ಬರುತ್ತಿದೆಯಲ್ಲ ಎಂದು ಸುಮ್ಮನಿದ್ದೆ,” ಎಂದರು. ಭೇಟಿಯ ಪುಸ್ತಕ ಮುಚ್ಚಿ, “ಅದು ಈಗ ಎಲ್ಲಿದೆ?” ಎಂದು ಕೇಳಿದರು.

ಆಗಲೇ ನನಗೆ ದೇವಮ್ಮನ ಮನೆಯ ಜೋಲಿ ನೆನಪಾಯಿತು. ಆ ವೈರಸ್ಸು ಒಣ ಬಟ್ಟೆಯಲ್ಲಿ ವಾರಗಟ್ಟಲೆ ಬದುಕಬಲ್ಲದು. ಇನ್ನೂ ಪೂರ್ತಿ ವಾಸಿಯಾಗದ ಚಿನ್ನು ಕುಳಿತೆದ್ದ ಸೀರೆಯನ್ನು ನಾನು ಒಗೆಯದೆ ಕೊಟ್ಟುಬಂದಿದ್ದೆ. ದೇವಮ್ಮನ ಮಗಳಿಗೆ ಹೆರಿಗೆಯಾಗಿ ಎರಡು ವಾರವಾಗಿತ್ತು. ರೂಪ ಫೋನು ಮಾಡಿ ಹೇಳಿದ್ದಳು. ಕೂಡಲೇ ಫೋನು ಮಾಡಿದೆ, ಯಾರೂ ಎತ್ತಲಿಲ್ಲ. ನಿಮ್ಮ ಜೊತೆ ನಾನೂ ಬರಲೇ ಎಂದು ಮೇಡಂ ಕೇಳಿದರು. ಬೇಡ ಎಂದೆ. ಹೇಳಬೇಕಾದವಳು ನಾನು.

ಬಸ್ ಸ್ಟ್ಯಾಂಡಿಗೆ ಹೋಗುವ ಮೊದಲು ಮನೆಗೆ ಹೋಗಿ ಅವ್ವನಿಗೆ ವಿಷಯ ತಿಳಿಸಿದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಿದಳು.

“ಸೀರೆ ಬಿಚ್ಚಿಸ್ಕಂಡ್ ಬಾ. ಇನ್ನೊಂದ್ ಕೊಡ್ತೀನಿ ಅನ್ನು, ಏನಾರ ಅನ್ನು. ಆದ್ರೆ ನಮ್ಮಿಂದ ರೋಗ ಬಂತು ಅಂತ ಬಾಯ್ ಬುಡ್ಬ್ಯಾಡ.”

“ನಮ್ಮಿಂದ ಅಲ್ಲವ್ವ. ಕರುವಿನಿಂದ ಬಂತು. ಗೌಡ್ರ ಹಟ್ಟಿಯಿಂದ. ಅದಕ್ಕೆ ಕಾಗದದ ಮೇಲೆ ಸಾಕ್ಷಿ ಇದೆ.”

“ಆ ಕಾಗ್ದ ಯಾರ್ ಓದರು? ಅವ್ರು ಇಷ್ಟೇ ಕೇಳ್ಸ್ಕಳದು. ಕಾಲನಿ ಸೀರೆ, ಮನೇಗ್ ಬಂತು, ಕೂಸ್ಗೆ ಕಾಯ್ಲೆ ಆಯ್ತು. ನಾವು ಹುಟ್ಟ್ದಾಗಿಂದ ಅವ್ರು ಅಂದಿದ್ದು ಅದ್ನೇ ಅಲ್ವೇನೇ? ಈಗ ನೀನೇ ಓಗಿ, ಔದು ಕಣ್ರಪ್ಪಾ ದಿಟ ಅಂದ್ಬುಟ್ ಬತ್ತೀಯಾ?”

ಅವಳ ಮಾತಿನಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಹೇಳದೆ ಇದ್ದರೆ ಸೀರೆಯಲ್ಲಿ ಮಲಗಿದ ಆ ಕೂಸಿಗೆ ನಾಳೆ ಭೇದಿಯಾದಾಗ ಅವರು ಕಷಾಯ ಕುಡಿಸುತ್ತಾ ಕೂರುತ್ತಾರೆ, ಆಸ್ಪತ್ರೆಗೆ ತಡವಾಗುತ್ತದೆ. ಅದೂ ನನಗೆ ಗೊತ್ತಿತ್ತು. ಮಳವಳ್ಳಿಯವರೆಗೂ ಬಸ್ಸಿನ ಕಿಟಕಿಗೆ ತಲೆಯಿಟ್ಟು ಈ ಎರಡನ್ನೂ ತೂಗುತ್ತಾ ಹೋದೆ.

ಒಳಗೆ ಕಾಲಿಟ್ಟಾಗ ನಡುಮನೆಯ ತೊಲೆಯಿಂದ ಹಸಿರು ಸೀರೆ ಇಳಿಬಿದ್ದಿತ್ತು. ಕೆಂಪು ಅಂಚಿನೊಳಗೆ ಒಂದು ಮುಷ್ಟಿಯಷ್ಟು ಮುಖ. “ಬಾವ್ವ ಜಯಮ್ಮ, ನಿನ್ ಸೀರೇಲಿ ಎಂಗ್ ಮನಿಕ್ಕಂಡದೆ ನೋಡು,” ಎಂದು ದೇವಮ್ಮ ಹಿಗ್ಗಿದರು. “ನೆನ್ನಿಂದ ವಸಿ ತೆಳ್ಳುಗೆ ಓಯ್ತಾ ಐತೆ, ಬಾಣಂತಿ ಏನೋ ತಿಂದಿರ್ಬೇಕು.”

ನಾನು ನಿಂತಲ್ಲೇ ಹೇಳಿದೆ. ತಡೆದರೆ ಧೈರ್ಯ ಹೋಗುತ್ತಿತ್ತು. ಕೂಸನ್ನು ಮೊದಲು ಎತ್ತಿಕೊಳ್ಳಿ ಎಂದೆ. ಕರುವಿನಿಂದ ಮಗುವಿಗೆ, ಮಗುವಿನಿಂದ ಸೀರೆಗೆ, ಸೀರೆಯಿಂದ ಚಿನ್ನುವಿಗೆ ಬಂದದ್ದನ್ನು ಹೇಳಿದೆ. ತಪ್ಪು ನನ್ನದು, ಒಗೆಯಬೇಕಿತ್ತು, ಒಗೆಯಲಿಲ್ಲ ಎಂದೆ. ಬಾಣಂತಿ ಚೀರಿ ಕೂಸನ್ನು ಕಿತ್ತುಕೊಂಡಳು. ರೂಪ ಚಿನ್ನುವನ್ನು ತಬ್ಬಿಕೊಂಡು ನನ್ನನ್ನೇ ದಿಟ್ಟಿಸಿ ನೋಡಿದಳು. ಆ ನೋಟವನ್ನು ವರ್ಣಿಸಲಾರೆ.

ದೇವಮ್ಮ ಮಾತ್ರ ಅಲುಗಲಿಲ್ಲ. ನಿಂತಲ್ಲಿಂದಲೇ ಕೇಳಿದರು. “ಸೀರೆ ಯಾರ್ದವ್ವಾ?”

“ನಮ್ಮವ್ವಂದು.”

“ನೀವ್ ಯಾವ್ ಜನ?”

ಮಂಡ್ಯದವರು ಎನ್ನಬಹುದಿತ್ತು. ಅಷ್ಟು ದೂರ ನಿಜ ಹೇಳಿಕೊಂಡು ಬಂದವಳಿಗೆ ಆ ಒಂದು ಮೆಟ್ಟಿಲಲ್ಲಿ ಸುಳ್ಳು ಬರಲಿಲ್ಲ. “ಕಾಲನಿಯೋರು ಕಣಮ್ಮ,” ಎಂದೆ.

ದೇವಮ್ಮ ಹಿತ್ತಲಿಗೆ ಹೋದರು. ಬರುವಾಗ ಅವರ ಕೈಯಲ್ಲಿ ಒಂದು ಕೋಲಿತ್ತು. ತಲೆಯ ಎತ್ತರಕ್ಕಿದ್ದ ಗಂಟುಗಳನ್ನು ಕೋಲಿನ ತುದಿಯಿಂದ ಮೀಟಿ ಸಡಿಲಿಸಿ, ಸೀರೆಯನ್ನು ಅದರ ಮೇಲೆಯೇ ಎತ್ತಿಕೊಂಡು, ತೋಳನ್ನು ಉದ್ದಕ್ಕೆ ಚಾಚಿ ನನ್ನ ಕಡೆ ಹಿಡಿದರು. ಹಸಿರು ಸೀರೆ ಕೋಲಿನ ತುದಿಯಲ್ಲಿ ತೂಗಾಡುತ್ತಿತ್ತು. ಅದರಾಚೆ ದೇವಮ್ಮನ ಮುಖ.

ನಾನು ಎರಡನೇ ಕ್ಲಾಸಿನ ಹುಡುಗಿಯಾಗಿಬಿಟ್ಟೆ. ಬರಿಗೈಯಿಂದಲೇ ಸೀರೆಯನ್ನು ಬಾಚಿ ಎದೆಗೆ ಅವುಚಿಕೊಂಡೆ.

“ಅಯ್ಯೋ, ಬರೀ ಕೈಲಿ ಮುಟ್ಬ್ಯಾಡ ಕಣವ್ವ! ರೋಗ ಐತೆ ಅಂತ ನೀನೇ ಅಂದಲ್ಲ!” ಎಂದು ದೇವಮ್ಮ ಕೂಗಿದರು.

ಹೌದು, ನಾನೇ ಹೇಳಿದ್ದೆ. ಅಂಥ ಬಟ್ಟೆಯನ್ನು ಬರಿಗೈಯಲ್ಲಿ ಮುಟ್ಟಬೇಡಿ ಎಂದು ವಾರ ವಾರ ಪಾಠ ಮಾಡಿದವಳೂ ನಾನೇ. ದೇವಮ್ಮ ನಾನು ಕಲಿಸಿದ್ದನ್ನೇ ಮಾಡಿರಬಹುದು. ಅಥವಾ ಆ ಕೋಲು ನಾನು ಕಾಲನಿ ಎಂದದ್ದಕ್ಕೇ ಬಂದದ್ದಿರಬಹುದು. ಆ ವೈರಸ್ಸು ಯಾವ ಹಟ್ಟಿಯಿಂದ ಹೊರಟಿತು, ಯಾವ ದಿನ ಯಾವ ಮನೆಗೆ ಬಂತು ಎಂದು ನಾನು ನಿಮಗೆ ಅಕ್ಷರ ಅಕ್ಷರವಾಗಿ ತೋರಿಸಬಲ್ಲೆ. ಆ ಕೋಲು ಎಲ್ಲಿಂದ ಬಂತೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಕೂಸಿನ ಮಾದರಿಯನ್ನು ಕೊಟ್ಟರು. ಏನಾದರೆ ಕೂಡಲೇ ಆಸ್ಪತ್ರೆಗೆ ಎಂದು ರೂಪಳಿಗೆ ಎರಡೆರಡು ಸಲ ಹೇಳಿ ಹೊರಟೆ. ಎರಡು ದಿನದ ಮೇಲೆ ನಮ್ಮ ಲ್ಯಾಬಿನಲ್ಲೇ ಮಾಡಿದ ಪರೀಕ್ಷೆಯ ಫಲಿತಾಂಶ ಬಂತು, ಅದರಲ್ಲಿ ವೈರಸ್ಸು ಇರಲಿಲ್ಲ. ತಾಯಿಹಾಲು ಕುಡಿಯುವ ಕೂಸುಗಳದ್ದು ತೆಳ್ಳಗೇ ಇರುತ್ತದೆ. ರೂಪಳಿಗೆ ಫೋನು ಮಾಡಿ ತಿಳಿಸಿದೆ. “ಸರಿ ಮೇಡಂ,” ಎಂದಳು. ಆ ಮನೆಗೆ ಮತ್ತೆ ನಾನು ಹೋಗಲಿಲ್ಲ, ಅವರೂ ಕರೆಯಲಿಲ್ಲ.

ಸೀರೆ ತಂದ ಆ ಸಂಜೆ ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ಕುಳಿತಿದ್ದಳು. ಹಿತ್ತಲಿನಲ್ಲಿ ಹಂಡೆಗೆ ಉರಿ ಹಾಕಿಟ್ಟಿದ್ದಳು, ನೀರು ಕುದಿಯುತ್ತಿತ್ತು. ನಾನು ಸೀರೆಯನ್ನು ಅದರೊಳಗೆ ಹಾಕಿದೆ. ಅವ್ವ ಒಲೆಗೆ ಸೌದೆ ಮುಂದೂಡಿದಳು.

“ಏಳುದ್ಯಾ?”

“ಹೇಳ್ದೆ.”

“ಎಲ್ಲಾನೂ?”

“ಎಲ್ಲಾನೂ.”

ಅವ್ವ ನೀರನ್ನೇ ನೋಡುತ್ತಾ ಕೇಳಿದಳು. “ಸೀರೆ ಎಂಗ್ ಕೊಟ್ರು?”

ಹಂಡೆಯ ಹಬೆ ಮುಖಕ್ಕೆ ಬರುತ್ತಿತ್ತು, ಅದು ಒಳ್ಳೆಯದೇ ಆಯಿತು. “ಮಡಚಿ, ಕೈಗೇ ಕೊಟ್ರು ಅವ್ವ,” ಎಂದೆ.